ಕಿತ್ತಳೆ ಬಣ್ಣದ ಎರಡು ವಿಮಾನ

ಆ ಭಾನುವಾರ ನಾನು ಮಾಡಿದ ಕೆಲಸಗಳು ಇವು. ನಾಲ್ಕೂವರೆಗೆ ಎದ್ದು ಎರಡು ಫ್ಲಾಸ್ಕಿಗೆ ಚಹಾ ಮಾಡಿದೆ, ಒಂದು ಸಕ್ಕರೆ ಹಾಕಿದ್ದು, ಒಂದು ಹಾಕದ್ದು. ಹಿಂದಿನ ದಿನ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಇವರ ಯೂನಿಫಾರ್ಮಿನ ಮೂರು ಅಂಗಿ ತೆಗೆದೆ. ರಾತ್ರಿಯ ಗಾಳಿಗೆ ಧೂಳು ಕೂತಿತ್ತು, ಎರಡನ್ನು ಮತ್ತೆ ಬಕೆಟಿಗೆ ಹಾಕಿದೆ. ಎಸಿಯ ನೀರು ತೊಟ್ಟಿಕ್ಕುವ ಡಬ್ಬ ಖಾಲಿ ಮಾಡಿದೆ. ವಿಮಾನದ ರೆಕ್ಕೆಯಡಿ ಒಂದು ಕಡೆ ಬಣ್ಣದ ಹಾಳೆ ಬಿಟ್ಟುಕೊಂಡಿತ್ತು, ಸಣ್ಣ ಇಸ್ತ್ರಿಪೆಟ್ಟಿಗೆ ಕಾಯಿಸಿ ಅದನ್ನು ಒತ್ತಿ ಕೂರಿಸಿದೆ. ಬ್ಯಾಟರಿಗಳನ್ನು ಚಾರ್ಜರಿನಿಂದ ಬಿಡಿಸಿ ಹಳೆಯ ಟಿಫಿನ್ ಡಬ್ಬಿಯಲ್ಲಿ ಇಟ್ಟೆ. ಮೈದಾನಕ್ಕೆ ಹೋದೆ. ಮರಳಿನಲ್ಲಿ ಬಗ್ಗಿ ಚೂರುಗಳನ್ನು ಹೆಕ್ಕಿದೆ. ಹೈವೇಯಲ್ಲಿ ಐವತ್ತು ಕಿಲೋಮೀಟರ್ ಕಾರು ಓಡಿಸಿದೆ.

ಕೊನೆಯ ಎರಡು ಕೆಲಸ ಮಾಡಬೇಕಾಗುತ್ತದೆ ಅಂತ ನಾನು ಮನೆಯಿಂದ ಹೊರಟಿರಲಿಲ್ಲ.

ಮೈದಾನ ಎಂದರೆ ರಿಮೋಟಿನಲ್ಲಿ ಹಾರಿಸುವ ಸಣ್ಣ ವಿಮಾನಗಳ ಮೈದಾನ. ಕೊಲ್ಲಿ ದೇಶದ ನಮ್ಮ ಈ ಊರಿನ ಹೊರಗೆ, ಅಲ್ ಐನ್ ರಸ್ತೆಯ ಕಡೆ ಮರಳಿನ ನಡುವೆ ಒಂದು ಡಾಂಬರಿನ ಪಟ್ಟಿ, ನೆರಳಿಗೆ ನಾಲ್ಕು ಚಪ್ಪರ, ಒಂದು ನೀರಿನ ಟ್ಯಾಂಕು. ಮೊದಲೆಲ್ಲ ಖಾಲಿ ಜಾಗ ಕಂಡಲ್ಲಿ ಹಾರಿಸುತ್ತಿದ್ದರು. ಈಗ ಹಾಗಿಲ್ಲ, ಪರವಾನಗಿ ಇರುವ ಕ್ಲಬ್ಬಿನಲ್ಲೇ ಹಾರಿಸಬೇಕು. ನನ್ನ ಗಂಡನಿಗೆ ವಾರಕ್ಕೆ ಒಂದೇ ದಿನ ರಜೆ. ಉಳಿದ ಆರು ದಿನ ಕಂಪನಿಯ ಮಿನಿಬಸ್ಸು ಓಡಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಮುಹೈಸ್ನಾದ ಕೂಲಿಯವರ ಕ್ಯಾಂಪಿನಲ್ಲಿ ಹದಿನಾಲ್ಕು ಜನರನ್ನು ಹತ್ತಿಸಿಕೊಂಡು ಜೆಬೆಲ್ ಅಲಿಯ ಗೋದಾಮಿಗೆ ಬಿಡುವುದು, ಸಂಜೆ ಅದೇ ಹದಿನಾಲ್ಕು ಜನರನ್ನು ವಾಪಸು ತರುವುದು. ಹದಿನೆಂಟು ವರ್ಷದಿಂದ ಇದೇ ಕೆಲಸ, ಹೇಳಿಕೊಳ್ಳುವಂಥ ಒಂದು ಅಪಘಾತವೂ ಇಲ್ಲ. ನಾನು ಜುಮೇರಾ ಲೇಕ್ ಟವರ್ಸಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡುತ್ತೇನೆ. ಕುಸೈಸಿನ ನಮ್ಮ ಮನೆಯಿಂದ ಮೆಟ್ರೋ ಬದಲಾಯಿಸಿ, ನಿಂತುಕೊಂಡೇ ಹೋಗಿ, ನಿಂತುಕೊಂಡೇ ಬರಬೇಕು. ಸಂಜೆ ಇಬ್ಬರೂ ಮನೆಗೆ ಮುಟ್ಟುವಾಗ ಮಾತಿಗೆ ತ್ರಾಣ ಇರುವುದಿಲ್ಲ. ಹಾಲು ಉಂಟಾ, ಗ್ಯಾಸ್ ಹೇಳಿದ್ದಾ, ಮಗಳು ಬಂದಳಾ, ಅಷ್ಟೇ. ವಿಮಾನ ಒಂದು ಇರುವುದರಿಂದ ಆ ಮೂರು ಮಾತಿನ ಮೇಲೆ ನಾಲ್ಕನೆಯದು ಇರುತ್ತಿತ್ತು.

ಹಾರಿಸುವವರು ಇವರು, ಕಟ್ಟುವವಳು ನಾನು. ಇದು ಹೇಗೆ ಹಾಗಾಯಿತೆಂದರೆ, ತುಂಬ ವರ್ಷದ ಹಿಂದೆ ಕೆಲಸ ಬಿಟ್ಟು ಊರಿಗೆ ಹೊರಟ ಒಬ್ಬರು ಇವರಿಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟು ಹೋದರು. ಒಳಗೆ ನಡು ಮುರಿದ ಒಂದು ಥರ್ಮೋಕೋಲಿನಂಥ ವಿಮಾನ, ಒಂದು ರಿಮೋಟು, ಯಾವುದಕ್ಕೂ ಸೇರದ ಆರು ಸ್ಕ್ರೂ. ಇವರು ಅದನ್ನು ಫೆವಿಕಾಲ್ ಹಾಕಿ ಅಂಟಿಸಲು ಹೋಗಿ ಎರಡು ಸಲ ಸೊಟ್ಟ ಮಾಡಿದರು. ಮೂರನೇ ಸಲ ನಾನು ಈಚೆ ಎಳೆದುಕೊಂಡೆ. ಮದುವೆಗೆ ಮೊದಲು ಎರಡು ವರ್ಷ ಹೊಲಿಗೆ ಕಲಿತವಳು. ರವಿಕೆಯ ತೋಳು ಎರಡೂ ಒಂದೇ ಅಳತೆಗೆ ಬರಬೇಕು ಎಂದು ಬೈಸಿಕೊಂಡ ಕೈ. ವಿಮಾನದ ರೆಕ್ಕೆಗೂ ಅದೇ ಲೆಕ್ಕ. ಪೇಪರಿನಲ್ಲಿ ಮಾದರಿ ಕತ್ತರಿಸಿ, ಅದನ್ನಿಟ್ಟು ಹಗುರ ಮರದ ತೆಳು ಹಲಗೆಯಲ್ಲಿ ಪಕ್ಕೆಲುಬುಗಳನ್ನು ಕೊಯ್ದು, ಸಾಲಾಗಿ ಜೋಡಿಸಿ ಅಂಟಿಸುವುದು. ಮೇಲಿಂದ ಬಣ್ಣದ ತೆಳು ಹಾಳೆ ಹೊದಿಸಿ ಇಸ್ತ್ರಿ ಹಾಕಿದರೆ ಅದು ಬಿಸಿಗೆ ಬಿಗಿದು ತಬಲದ ಚರ್ಮದ ಹಾಗೆ ಆಗುತ್ತದೆ. ಕಡ್ಡಿ ಬೇಕಾದಲ್ಲಿ ಕಬಾಬ್ ಸುಡುವ ಬಿದಿರು ಕಡ್ಡಿ. ಮೂಗಿಗೆ ಭಾರ ಬೇಕಾದರೆ ದೇರಾದಲ್ಲಿ ಬಲೆ ಮಾರುವ ಅಂಗಡಿಯ ಸೀಸದ ಗುಂಡು. ಕಟ್ಟಿ ಮುಗಿದ ಮೇಲೆ ರೆಕ್ಕೆಯಡಿ ಎರಡು ಬೆರಳು ಕೊಟ್ಟು ಎತ್ತಿ ನೋಡುವುದು, ಮುಂದಕ್ಕೂ ಬಾಗಬಾರದು ಹಿಂದಕ್ಕೂ ಬಾಗಬಾರದು. ಊಟದ ಮೇಜು ನಮ್ಮಲ್ಲಿ ಊಟಕ್ಕೆ ಸಿಕ್ಕಿದ್ದು ಕಡಿಮೆ.

ಈ ಕೊನೆಯ ವಿಮಾನವನ್ನು ನಾನು ಬಿಳಿ ಬಣ್ಣದಲ್ಲಿ ಮಾಡಿದ್ದೆ. ಎರಡು ವಾರ ಹಾರಿಸಿ ಇವರು ಹೇಳಿದರು, ಈ ಧೂಳಿನ ಆಕಾಶದಲ್ಲಿ ಬಿಳಿ ಕಾಣುವುದಿಲ್ಲ, ಬೇರೆ ಬಣ್ಣ ಹಾಕು ಅಂತ. ಸರಿಯಾದ ಮಾತೇ. ಇಲ್ಲಿಯ ಆಕಾಶ ಅರ್ಧ ವರ್ಷ ಹಳೆಯ ಬಿಳಿ ಪಂಚೆಯ ಬಣ್ಣದಲ್ಲಿ ಇರುತ್ತದೆ. ಬಿಳಿ ಕಿತ್ತು ಕಿತ್ತಳೆ ಹೊದಿಸಿದೆ. ಆಮೇಲೆ ಮೇಲೆ ಯಾವುದು ಕೆಳಗೆ ಯಾವುದು ಎಂದು ಗೊತ್ತಾಗುವುದಿಲ್ಲ ಎಂದರು. ರೆಕ್ಕೆಯಡಿ ಎಡಗಡೆ ಅಂಗೈ ಅಗಲದ ಮೂರು ಕಪ್ಪು ಪಟ್ಟಿ ಹಾಕಿದೆ. ಇದನ್ನೂ ಎಷ್ಟೋ ಜನ ಮಾಡುತ್ತಾರೆ. ಆಮೇಲೆ ವಿಮಾನ ತುಂಬ ಜೋರು ಹೋಗುತ್ತದೆ, ನಿಧಾನ ಹಾರುವ ಹಾಗೆ ಮಾಡು ಎಂದರು. ರೆಕ್ಕೆಯ ಎರಡೂ ತುದಿಗೆ ಒಂದೊಂದು ಗೇಣು ಸೇರಿಸಿದೆ. ಗಾಳಿ ಜಾಸ್ತಿ ಹಿಡಿದು ಅದು ಮುದಿ ಕೊಕ್ಕರೆಯ ಹಾಗೆ ತೇಲತೊಡಗಿತು. ಡಿಸೆಂಬರಿನಲ್ಲಿ ರೆಕ್ಕೆಯ ಮುಂದಿನ ಅಂಚಿಗೆ ಸಣ್ಣ ದೀಪಗಳ ಪಟ್ಟಿ ಅಂಟಿಸಿದೆ, ಹಗಲಿನಲ್ಲೂ ಕಾಣುವ ಪ್ರಖರದ್ದು. ಅದರ ಭಾರಕ್ಕೆ ಮೂಗಿನ ಸೀಸ ಒಂದು ಗುಂಡು ಕಡಿಮೆ ಮಾಡಿದೆ.

ಫೆಬ್ರವರಿಯಲ್ಲಿ ಒಂದು ಸಂಜೆ ತರಕಾರಿ ಹೆಚ್ಚುತ್ತಿದ್ದೆ. ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅದಕ್ಕೊಂದು ಶಬ್ದ ಬರುವ ಹಾಗೆ ಮಾಡಲಿಕ್ಕೆ ಆಗ್ತದಾ ಎಂದು ಕೇಳಿದರು. ಮರಳಿನಲ್ಲಿ ಬಿದ್ದ ವಿಮಾನ ಹುಡುಕಲು ಕೂಗುವ ಒಂದು ಪೀಪಿ ಸಿಗುತ್ತದೆ, ಹೆಬ್ಬೆರಳಿನಷ್ಟು ದೊಡ್ಡದು, ರಿಮೋಟಿನ ಗುಂಡಿ ಹಾಕಿದರೆ ಕೂಗುತ್ತದೆ. ಬೀಳುವ ಮೊದಲೇ ಯಾಕೆ ಬೇಕು ಅದು ಎಂದು ನಾನು ಕೇಳಲಿಲ್ಲ. ಬೆಂಡೆಕಾಯಿ ಹೆಚ್ಚಿ ಮುಗಿಸಿದೆ. ವಾರದೊಳಗೆ ಪೀಪಿ ತರಿಸಿ ಬಾಲದ ಹತ್ತಿರ ಕೂರಿಸಿ ತಂತಿ ಎಳೆದೆ. ಅವತ್ತಿನಿಂದ ಇವರು ಅದನ್ನು ಆಕಾಶದಲ್ಲಿ ಇರುವಷ್ಟು ಹೊತ್ತೂ ಕೂಗಿಸಿಕೊಂಡೇ ಹಾರಿಸಿದರು.

ಮೈದಾನದಲ್ಲಿ ನಮಗೆ ಆಪ್ತರೆಂದರೆ ಒಬ್ಬರೇ. ಉಡುಪಿ ಕಡೆಯವರು, ಅಬುಧಾಬಿಯ ಮುಸಫ್ಫಾದಲ್ಲಿ ಗಾಡಿಯ ಬಿಡಿಭಾಗದ ಅಂಗಡಿ. ಇವರಿಗಿಂತ ಏಳೆಂಟು ವರ್ಷ ದೊಡ್ಡವರು, ನಾವಿಬ್ಬರೂ ಅಣ್ಣ ಎಂದೇ ಕರೆಯುವುದು. ತುಳುವಿನಲ್ಲಿ ಶುರುಮಾಡಿ ಕನ್ನಡದಲ್ಲಿ ಬೈದು ಹಿಂದಿಯಲ್ಲಿ ನಗುವ ಮನುಷ್ಯ. ಪೀಪಿ ಕೂಗಿಸಿಕೊಂಡು ಇವರ ವಿಮಾನ ಮೊದಲ ಸಲ ಏರಿದಾಗ ಅಣ್ಣ ಎರಡೂ ಕಿವಿ ಮುಚ್ಚಿಕೊಂಡರು.

"ಎಂತ ಮಾರಾಯ ಇದು, ರಿವರ್ಸ್ ಹೋಗುವ ಲಾರಿಯಾ?" ಎಂದರು. "ಆಕಾಶದಲ್ಲಿ ಯಾರನ್ನು ಬದಿಗೆ ಸರಿ ಅಂತ ಹೇಳ್ತಾ ಇದ್ದಿ?"

ಇವರು ನಕ್ಕರು. ನಾನೂ ನಕ್ಕೆ.

ಅದೇ ತಿಂಗಳು ಅಣ್ಣನ ವಿಮಾನದ ಹೊದಿಕೆ ಬಿಸಿಲಿಗೆ ಸುಕ್ಕಾಗಿತ್ತು. ಪಾರ್ಕಿಂಗಿನಲ್ಲಿ ಮಧ್ಯಾಹ್ನ ಕಾರಿನೊಳಗೆ ಬಿಟ್ಟು ಹೋಗಿದ್ದರಂತೆ. ಮಾಡಿಕೊಡು ತಂಗಿ ಎಂದು ನನ್ನ ಕೈಗೆ ಕೊಟ್ಟರು. ನನ್ನಲ್ಲಿ ಕಿತ್ತಳೆ ಹಾಳೆ ಒಂದೂವರೆ ಗಜ ಮಿಕ್ಕಿತ್ತು, ಚೂರು ಉಳಿಸದೆ ಅದನ್ನೇ ಹೊದಿಸಿ ಕೊಟ್ಟೆ. ಮಿಕ್ಕಿದ ಬಟ್ಟೆಯಲ್ಲಿ ಎರಡನೆಯ ಮಗುವಿಗೂ ಅಂಗಿ ಹೊಲಿಯುವ ಅಭ್ಯಾಸ ನಮ್ಮದು. ಎರಡು ವಿಮಾನ ಒಂದೇ ಬಣ್ಣ ಆಗುತ್ತದೆ, ಅದರಿಂದ ತೊಂದರೆ ಆಗಬಹುದು ಎಂಬುದು ತಲೆಗೇ ಬರಲಿಲ್ಲ. ಬಂದಿದ್ದರೂ, ಕಪ್ಪು ಪಟ್ಟಿ, ದೀಪ, ಅಷ್ಟುದ್ದದ ರೆಕ್ಕೆ ಇಷ್ಟೆಲ್ಲ ಇರುವಾಗ ಯಾರಿಗೆ ಗುರುತು ಸಿಗುವುದಿಲ್ಲ ಎಂದುಕೊಳ್ಳುತ್ತಿದ್ದೆ.

ಇನ್ನೊಂದು ಹೇಳಬೇಕು. ಹಾರಿಸುವಾಗ ಇವರ ಬಲಗಡೆ ನಿಂತು, ಈಗ ತಿರುಗಿತು, ಈಗ ಎದುರು ಬರುತ್ತಾ ಉಂಟು, ಈಗ ಕೆಳಗಾಯಿತು ಎಂದು ಹೇಳುವುದು ನನಗೆ ರೂಢಿಯಾಗಿತ್ತು. ಮೊದಲು ಸುಮ್ಮನೆ ಹೊತ್ತು ಹೋಗಲು ಹೇಳುತ್ತಿದ್ದೆ. ಯಾವಾಗಿನಿಂದ ಇವರು ಅದನ್ನು ಕಾದು ಕೇಳತೊಡಗಿದರೋ ಗೊತ್ತಿಲ್ಲ. ಕಾರಿನಲ್ಲೂ ಹಾಗೆಯೇ. ಇಲ್ಲಿ ಸ್ಟಿಯರಿಂಗ್ ಎಡಗಡೆ, ನಾನು ಕೂರುವುದು ಇವರ ಬಲಕ್ಕೆ. ಎಕ್ಸಿಟ್ ಬಂತು, ಬಲಗಡೆ ಒಂದು ಪಿಕಪ್ ಉಂಟು, ಈಗ ಖಾಲಿ, ಹೋಗಿ. ಹೆಂಡತಿ ಮಾತು ಜಾಸ್ತಿ ಎಂದು ಇವರು ಒಂದು ಕಾಲದಲ್ಲಿ ತಮಾಷೆ ಮಾಡುತ್ತಿದ್ದರು. ಆ ತಮಾಷೆ ನಿಂತು ವರ್ಷವಾಗಿತ್ತು. ಹದಿನೈದು ದಿನದ ಹಿಂದೆ ಮಿನಿಬಸ್ಸಿನ ಬಲಗಡೆಯ ಕನ್ನಡಿ ಕ್ಯಾಂಪಿನ ಗೇಟಿನ ಕಂಬಕ್ಕೆ ತಾಗಿ ಒಡೆದಿತ್ತು. ಗೇಟು ಸಪೂರ ಎಂದರು. ಆ ಗೇಟಿನಲ್ಲಿ ದಿನಕ್ಕೆ ಎರಡು ಸಲ ಹೋಗಿ ಬರುವವರು. ನಾನು ಹೌದು, ಸಪೂರವೇ ಎಂದೆ.

ಆ ಭಾನುವಾರ ಮೈದಾನ ಮುಟ್ಟುವಾಗ ಏಳು ಗಂಟೆ. ಮಂಜು ಕರಗಿರಲಿಲ್ಲ, ಸೂರ್ಯ ಸ್ಟೀಲ್ ತಟ್ಟೆಯ ಹಾಗೆ ಕಾಣುತ್ತಿತ್ತು. ಅಣ್ಣ ಮುಸಫ್ಫಾದಿಂದ ನಾಲ್ಕೂವರೆಗೇ ಹೊರಟವರು, ಚಪ್ಪರದಡಿ ಕುರ್ಚಿ ಹಾಕಿ ಕೂತಿದ್ದರು. ನಾನು ರೆಕ್ಕೆಯನ್ನು ಮೈಗೆ ರಬ್ಬರು ಬ್ಯಾಂಡಿನಿಂದ ಕಟ್ಟಿ, ಬ್ಯಾಟರಿ ಹಾಕಿ, ರೆಕ್ಕೆಯ ಹಿಂದಂಚಿನ ಸಣ್ಣ ಹಲಗೆಗಳು ಮೇಲೆ ಕೆಳಗೆ ಸರಿಯಾಗಿ ಆಡುತ್ತವಾ ನೋಡಿದೆ. ಇವರು ರನ್‌ವೇಯ ಅಂಚಿನಲ್ಲಿ ನಿಂತು ಏರಿಸಿದರು. ಪೀಪಿ ಕೂಗುತ್ತಾ ಹೋಯಿತು. ಎರಡು ಸುತ್ತು ನಾನು ಪಕ್ಕದಲ್ಲಿ ನಿಂತು ಹೇಳಿದೆ. ಚಳಿ ಗಾಳಿಗೆ ಗಂಟಲು ಕಟ್ಟಿತ್ತು, ಚಹಾ ತರುತ್ತೇನೆ ಎಂದು ಕಾರಿನ ಹತ್ತಿರ ಹೋದೆ.

ನಾನು ಡಿಕ್ಕಿ ತೆಗೆಯುವಾಗ ಅಣ್ಣ "ನನ್ನದು ಹೊರಟಿತು" ಎಂದು ಕೂಗಿದ್ದು ಕೇಳಿತು. ಹಾಗೆ ಕೂಗಿ ಹೇಳಿಯೇ ಏರಿಸಬೇಕು, ಅದು ಅಲ್ಲಿಯ ನಿಯಮ. ಫ್ಲಾಸ್ಕು, ಲೋಟ, ಬಿಸ್ಕೆಟ್ಟಿನ ಪ್ಯಾಕೆಟ್ಟು ತೆಗೆದುಕೊಂಡು ತಿರುಗಿದೆ. ಪೀಪಿಯ ಶಬ್ದ ಮೇಲಿಂದ ಬರುತ್ತಿರಲಿಲ್ಲ. ನನ್ನ ಬೆನ್ನ ಹಿಂದಿನಿಂದ, ಪಾರ್ಕಿಂಗಿನ ಆಚೆಯ ಮರಳಿನಿಂದ ಬರುತ್ತಿತ್ತು. ಹೋಗಿ ನೋಡಿದರೆ ಒಣಗಿದ ಒಂದು ಪೊದೆಯ ಬುಡದಲ್ಲಿ ನಮ್ಮ ವಿಮಾನ ಮೂಗು ಹೂತುಕೊಂಡು ನಿಂತಿತ್ತು. ಒಂದು ರೆಕ್ಕೆ ನಡುವಿಗೆ ಮುರಿದಿತ್ತು. ಇನ್ನೊಂದರ ದೀಪ ಉರಿಯುತ್ತಲೇ ಇತ್ತು.

ಇವರ ಕಡೆ ನೋಡಿದೆ. ತಲೆ ಎತ್ತಿ ನಿಂತಿದ್ದರು. ಎರಡೂ ಹೆಬ್ಬೆರಳು ರಿಮೋಟಿನ ಮೇಲೆ ಮೆಲ್ಲ ಮೆಲ್ಲ ಆಡುತ್ತಿದ್ದವು. ಆಕಾಶದಲ್ಲಿ ಕಿತ್ತಳೆ ಬಣ್ಣದ ಒಂದು ವಿಮಾನ ಎಡಕ್ಕೆ ವಾಲಿ ಅಗಲವಾಗಿ ಸುತ್ತು ಹಾಕುತ್ತಿತ್ತು. ಅಣ್ಣ ಯಾವಾಗಲೂ ಎಡಕ್ಕೇ ಸುತ್ತುವವರು. ಇವರೂ ಹಾಗೆಯೇ.

ನಾನು ಫ್ಲಾಸ್ಕು ಹಿಡಿದುಕೊಂಡೇ ಹತ್ತಿರ ಹೋಗಿ ಬಲಗಡೆ ನಿಂತೆ.

"ನೋಡು, ಇವತ್ತು ಎಷ್ಟು ಚಂದ ತಿರುಗುತ್ತದೆ" ಎಂದರು. ಮುಖದಲ್ಲಿ ನಗು ಇತ್ತು. "ನೀನು ಬೆಳಿಗ್ಗೆ ಇಸ್ತ್ರಿ ಹಾಕಿದ್ದು ಒಳ್ಳೆಯದಾಯಿತು."

ನಾನು ಹೇಳಿದೆ, "ಶಬ್ದ ಹಿಂದಿನಿಂದ ಬರ್ತಾ ಉಂಟಲ್ಲ."

"ಗಾಳಿ ಹಾಗೆ ಉಂಟು ಇವತ್ತು."

ಅಣ್ಣನಿಗೆ ಯಾವಾಗ ಗೊತ್ತಾಯಿತೋ ತಿಳಿಯದು. ಇವರಿಂದ ಹತ್ತು ಹೆಜ್ಜೆ ಆಚೆ ನಿಂತಿದ್ದರು. ಒಮ್ಮೆ ಹಿಂದಕ್ಕೆ ತಿರುಗಿ ಮರಳಿನ ಕಡೆ ನೋಡಿದರು, ಒಮ್ಮೆ ಇವರನ್ನು ನೋಡಿದರು, ಆಮೇಲೆ ಬೇರೇನೂ ಆಟ ಆಡಿಸದೆ ತಮ್ಮ ವಿಮಾನವನ್ನು ಇಳಿಸತೊಡಗಿದರು. ಇವರೂ ಇಳಿಸಿದರು. ಎಡಗೈ ಹೆಬ್ಬೆರಳನ್ನು ಹಿಂದಕ್ಕೆ ಎಳೆದು ವೇಗ ಕಡಿಮೆ ಮಾಡಿ, ನೆಲ ಹತ್ತಿರ ಬರುವಾಗ ಮೂಗನ್ನು ಒಂಚೂರು ಎತ್ತಿ, ಹದಿನೆಂಟು ವರ್ಷ ಬಸ್ಸು ನಿಲ್ಲಿಸಿದವರ ನಯದಲ್ಲಿ. ವಿಮಾನ ಡಾಂಬರಿಗೆ ತಾಗಿ, ಉರುಳಿಕೊಂಡು ಬಂದು, ಅಣ್ಣನ ಕಾಲಿನ ಹತ್ತಿರ ನಿಂತಿತು. ಅಣ್ಣ ಬಗ್ಗಿ ಅದನ್ನು ಎತ್ತಿಕೊಂಡರು.

ಇವರು ಅದನ್ನೂ ನೋಡುತ್ತಲೇ ಇದ್ದರು. ಗಿಡ್ಡ ರೆಕ್ಕೆ, ಪಟ್ಟಿ ಇಲ್ಲ, ದೀಪ ಇಲ್ಲ. ಅಷ್ಟು ಹತ್ತಿರದಲ್ಲಿ ಕಂಡಿರಬೇಕು. ರಿಮೋಟಿನ ಮೇಲಿದ್ದ ಬೆರಳು ನಿಂತಿತು. ಹಿಂದೆ ಪೀಪಿ ಕೂಗುತ್ತಲೇ ಇತ್ತು, ಆಗ ಇವರು ಕೈಯಾಡಿಸಿ ಅದರ ಗುಂಡಿ ಹುಡುಕಿ ಆರಿಸಿದರು.

ಅಣ್ಣ ಏನಾದರೂ ತಮಾಷೆ ಮಾಡಬೇಕಾಗಿತ್ತು. ಎಷ್ಟು ಸಣ್ಣದಕ್ಕೂ ಬಿಡದ ಬಾಯಿ ಅದು. ಅವರು ವಿಮಾನ ಚಪ್ಪರದಡಿ ಇಟ್ಟು ಬಂದು, ನನ್ನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು, ಲೋಟಕ್ಕೆ ಚಹಾ ಬಗ್ಗಿಸಿ ಇವರ ಕೈಗೆ ಕೊಟ್ಟರು. ಕೊಡುವಾಗ ಲೋಟ ಹಿಡಿದಿದ್ದಾರಾ ಎಂದು ಒಂದು ಕ್ಷಣ ಬಿಡದೆ ಕಾದರು.

ಚೂರು ಹೆಕ್ಕಲು ನಾನೊಬ್ಬಳೇ ಹೋದೆ. ಪಕ್ಕೆಲುಬಿನ ತುಂಡು, ದೀಪದ ಪಟ್ಟಿ, ಮುರಿದ ಬಿದಿರು ಕಡ್ಡಿ, ಸೀಸದ ಎರಡು ಗುಂಡು. ಹೆಕ್ಕಿ ಹೆಕ್ಕಿ ಪ್ಲಾಸ್ಟಿಕ್ ಚೀಲಕ್ಕೆ ಹಾಕುವಾಗ, ಒಂದೊಂದನ್ನೂ ಯಾಕೆ ಹಾಕಿದ್ದೆ ಎಂಬುದು ಸಾಲಾಗಿ ಕಣ್ಣೆದುರು ಬಂತು. ಬಣ್ಣ ಕಾಣುವುದಿಲ್ಲ ಎಂದರು, ಬಣ್ಣ ಬದಲಾಯಿಸಿದೆ. ಕೆಳಗು ಮೇಲು ಗೊತ್ತಾಗುವುದಿಲ್ಲ ಎಂದರು, ಪಟ್ಟಿ ಹಾಕಿದೆ. ಒಂದು ವರ್ಷ ಪೂರ್ತಿ ವಿಮಾನಕ್ಕೆ ಔಷಧಿ ಮಾಡಿದ್ದೇನೆ. ನಮ್ಮ ಕ್ಲಿನಿಕ್ಕಿಗೆ ಹಲ್ಲುನೋವೆಂದು ಬರುವವರಿಗೆ, ಎಷ್ಟು ದಿನದಿಂದ ನೋವು, ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ದಿನಕ್ಕೆ ಇಪ್ಪತ್ತು ಸಲ ಕೇಳುವವಳು ನಾನು. ಕೇಳಿದ್ದರೆ ಇವರು ಹೇಳುತ್ತಿದ್ದರು. ಹೇಳಿದರೆ ಲೈಸೆನ್ಸಿನ ಮಾತು ಬರುತ್ತದೆ, ಲೈಸೆನ್ಸಿನ ಹಿಂದೆ ಕೆಲಸದ ಮಾತು, ಅದರ ಹಿಂದೆ ಮಗಳ ಕಾಲೇಜಿನ ಮಾತು. ಅದಕ್ಕೇ ಕೇಳಲಿಲ್ಲ. ಲೈಸೆನ್ಸಿಗೆ ಕಣ್ಣಿನ ಪರೀಕ್ಷೆ ಬರಲು ಇನ್ನೂ ಹನ್ನೊಂದು ತಿಂಗಳಿತ್ತು. ಅದು ಇಬ್ಬರಿಗೂ ಬಾಯಿಪಾಠವಿತ್ತು.

ಚೀಲ ಡಿಕ್ಕಿಯಲ್ಲಿಟ್ಟು ಬರುವಾಗ ಇವರು ಕಾರಿನೊಳಗೆ ಸ್ಟಿಯರಿಂಗಿನ ಹಿಂದೆ ಕೂತಿದ್ದರು. ಕೀಲಿ ತಿರುಗಿಸಿರಲಿಲ್ಲ. ನಾನು ನನ್ನ ಜಾಗದಲ್ಲಿ ಕೂತು ಬೆಲ್ಟು ಹಾಕಿದೆ. ಅಣ್ಣ ದೂರದಲ್ಲಿ ತಮ್ಮ ಸಾಮಾನು ಕಟ್ಟುವ ಹಾಗೆ ಮಾಡುತ್ತಾ ನಮ್ಮ ಕಡೆಯೇ ನೋಡುತ್ತಿದ್ದರು.

ಇವರೇ ಮಾತೆತ್ತಿದರು. ರೆಕ್ಕೆಯಡಿ ಕಪ್ಪು ಪಟ್ಟಿಯ ಬದಲು ಹಳದಿ ಹಾಕಿದರೆ ಹೇಗೆ ಎಂದರು. ಇಲ್ಲವೇ ಇನ್ನೂ ದೊಡ್ಡದು ಒಂದು ಕಟ್ಟುವ, ಎರಡು ಮೀಟರಿನದ್ದು ಎಂದರು.

"ನಾಳೆ ಬೆಳಿಗ್ಗೆ ನಿಮ್ಮ ಬಲಗಡೆ ಯಾರು ಕೂತುಕೊಳ್ತಾರೆ?" ಎಂದು ಕೇಳಿದೆ.

ಇವರು ಎದುರಿನ ಗಾಜಿನ ಧೂಳನ್ನು ಬೆರಳಿನಿಂದ ಒರೆಸಿದರು.

"ಅವರೆಲ್ಲ ನಿದ್ದೆಯಲ್ಲಿರ್ತಾರೆ" ಎಂದರು ಆಮೇಲೆ.

ಅದು ನನಗೆ ಗೊತ್ತಿತ್ತು. ಇವರೇ ಎಷ್ಟೋ ಸಲ ಹೇಳಿದ್ದರು. ಕ್ಯಾಂಪಿನ ಗೇಟು ದಾಟುವುದೇ ತಡ, ಹದಿನಾಲ್ಕು ತಲೆಯೂ ಕಿಟಕಿಗೆ ಒರಗುತ್ತವಂತೆ. ಜೋರು ಬ್ರೇಕ್ ಹಾಕಿದರೆ ಗಾಜಿಗೆ ಬಡಿಯುತ್ತವೆ ಎಂದು ಇವರು ಹೈವೇ ಪೂರ್ತಿ ಬ್ರೇಕು ಮುಟ್ಟದೆ ಓಡಿಸಲು ನೋಡುತ್ತಾರಂತೆ. ಅದನ್ನು ಹೇಳುವಾಗ ಇವರಿಗೆ ಒಂದು ಹೆಮ್ಮೆ ಇರುತ್ತಿತ್ತು.

ಆಮೇಲೆ ಒಂದೊಂದಾಗಿ ಹೇಳಿದರು. ಬಲಗಣ್ಣಿನಲ್ಲಿ ಸ್ನಾನದ ಕೋಣೆಯ ಕನ್ನಡಿಗೆ ಹಬೆ ಕೂತ ಹಾಗೆ ಕಾಣುವುದು ಹೋದ ರಂಜಾನಿಗೂ ಮೊದಲೇ ಶುರುವಾಗಿತ್ತಂತೆ. ಎಡಗಣ್ಣು ಸರಿ ಇದೆ, ಒಂದರಲ್ಲಿ ಸುಧಾರಿಸಬಹುದು ಅಂದುಕೊಂಡಿದ್ದರಂತೆ. ಎದುರಿನ ಗಾಡಿಯ ದೀಪ ಈಗೀಗ ಒಡೆದು ಹತ್ತಾಗಿ ಕಾಣುತ್ತದಂತೆ. ಕನ್ನಡಿ ಒಡೆದ ದಿನ ಕಂಬ ಕಾಣಲೇ ಇಲ್ಲವಂತೆ. ಇಷ್ಟು ಹೇಳಿ, ಮಗಳ ಕಾಲೇಜು ಮುಗಿಯಲು ಎರಡು ವರ್ಷ ಉಂಟಲ್ಲ ಎಂದು ನನ್ನ ಮುಖ ನೋಡಿದರು. ಉಂಟು ಎಂದೆ.

ಇವರು ಬಾಗಿಲು ತೆಗೆದು ಇಳಿದರು. ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಕಾರಿಗೆ ಅರ್ಧ ಸುತ್ತು ಬಂದು, ನನ್ನ ಕಡೆಯ ಬಾಗಿಲು ತೆಗೆದು ನಿಂತರು.

"ನೀನು ಆಚೆ ಕೂತುಕೋ ಮಾರಾಯ್ತಿ" ಎಂದರು.

ನನಗೆ ಲೈಸೆನ್ಸು ಇದೆ. ನಾಲ್ಕನೇ ಟೆಸ್ಟಿನಲ್ಲಿ ಪಾಸಾದದ್ದು. ಸೂಪರ್ ಮಾರ್ಕೆಟ್ಟಿಗೆ, ಮಗಳನ್ನು ಮೆಟ್ರೋಗೆ ಬಿಡಲು, ಅಷ್ಟು ಓಡಿಸಿದ್ದೇನೆ. ಹೈವೇಗೆ ಹತ್ತಿದವಳಲ್ಲ. ಸೀಟು ಮುಂದಕ್ಕೆ ಎಳೆದು, ಕನ್ನಡಿ ಮೂರೂ ಸರಿ ಮಾಡಿ, ಬಿಸ್ಮಿಲ್ಲಾ ಎನ್ನುವ ಪಕ್ಕದ ಮನೆಯವಳ ಅಭ್ಯಾಸ ನನಗೂ ಬಂದುಬಿಟ್ಟಿದೆ, ಅದನ್ನೂ ಅಂದು, ನಮ್ಮ ದೇವರನ್ನೂ ನೆನೆದು ಹೊರಟೆ. ಅಣ್ಣ ಕೈಯೆತ್ತಿದರು. ಆಮೇಲೆ ಕನ್ನಡಿಯಲ್ಲಿ ನೋಡಿದರೆ ಅವರ ಗಾಡಿ ನಮ್ಮ ಹಿಂದೆ ಬರುತ್ತಿತ್ತು. ಅಬುಧಾಬಿಗೆ ಹೋಗಬೇಕಾದ ಮನುಷ್ಯ ಉಲ್ಟಾ ದಿಕ್ಕಿನಲ್ಲಿ ನಮ್ಮ ಬೆನ್ನಿಗೆ ಬಂದು, ನಾನು ಬಲಗಡೆಯ ಸಾಲು ಹಿಡಿದು ಎಂಬತ್ತರಲ್ಲಿ ಸರಿಯಾಗಿ ಹೋಗುತ್ತಿದ್ದೇನೆ ಎಂದು ಖಾತ್ರಿಯಾದ ಮೇಲೆ ದೀಪ ಮಿಟುಕಿಸಿ ಒಂದು ಎಕ್ಸಿಟ್ಟಿನಲ್ಲಿ ಇಳಿದು ಹೋದರು.

ಮರಳು ತುಂಬಿದ ಲಾರಿಗಳ ನಡುವೆ ನಾನು, ಹಿಂದೊಂದು ಮುಂದೊಂದು. ಅಂಗೈ ಬೆವೆತು ಸ್ಟಿಯರಿಂಗು ಜಾರುತ್ತಿತ್ತು. ಇವರು ಪಕ್ಕದಲ್ಲಿ ಕೂತು, ಅಂತರ ಬಿಡು, ಲಾರಿಯವನಿಗೆ ಹೆದರಬೇಡ, ಅವನು ಅವನ ಗೆರೆಯಲ್ಲೇ ಇರುತ್ತಾನೆ, ಬ್ರೇಕಿನಿಂದ ಕಾಲು ತೆಗೆ ಎನ್ನುತ್ತಾ ಬಂದರು. ಎಕ್ಸಿಟ್ ಬಂದದ್ದನ್ನು ಮಾತ್ರ ಹೇಳಲಿಲ್ಲ, ಅದನ್ನು ನಾನೇ ನೋಡಿಕೊಂಡೆ. ನಲವತ್ತೈದು ನಿಮಿಷದ ದಾರಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಕುಸೈಸಿನ ಕಟ್ಟಡದಡಿ ಕಾರು ನಿಲ್ಲಿಸಿ ಕೀಲಿ ತೆಗೆದೆ.

ಮಗಳು ಆಗಷ್ಟೇ ಎದ್ದಿದ್ದಳು. ಕಾರಿನ ಕೀಲಿ ನನ್ನ ಕೈಯಲ್ಲಿ ಕಂಡು, "ವೇಟ್, ಮಮ್ಮಿ ಡ್ರೋವ್? ಆನ್ ದ ಹೈವೇ?" ಎಂದಳು. ಪಪ್ಪನ ಕಣ್ಣು ಸರಿ ಇಲ್ಲ ಎಂದೆ. "ಐ ನೋ" ಎಂದಳು ಅವಳು. ವಾಟ್ಸಾಪಿನಲ್ಲಿ ಪಪ್ಪ ತನಗೆ ಬರೆಯುವುದನ್ನು ಬಿಟ್ಟು ಬರೀ ವಾಯ್ಸ್ ಕಳಿಸತೊಡಗಿ ಎಷ್ಟೋ ತಿಂಗಳಾಯಿತು, ನಿಮಗೆ ಗೊತ್ತಿಲ್ಲವಾ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಹಾಗೆ ಮೂರೂ ಜನರಿಗೆ ಗೊತ್ತಿದ್ದದ್ದನ್ನು ಮೂರೂ ಜನ ಬೇರೆ ಬೇರೆ ಇಟ್ಟುಕೊಂಡಿದ್ದೆವು.

ಹನ್ನೊಂದು ಗಂಟೆಗೆ ಇವರು ಟ್ರಾನ್ಸ್‌ಪೋರ್ಟ್ ನೋಡುವ ಮ್ಯಾನೇಜರಿಗೆ ಫೋನ್ ಮಾಡಿದರು. ನನಗೂ ಕೇಳಲಿ ಎಂದೋ ಏನೋ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಮಾತು ಹಿಂದಿಯಲ್ಲಿ. ಇವರು ನಾಳೆಯಿಂದ ಬಸ್ಸಿಗೆ ಬೇರೆ ಡ್ರೈವರ್ ನೋಡಿ ಎಂದರು. ಮ್ಯಾನೇಜರ್ ಕೆಟ್ಟವನೇನಲ್ಲ, ಏನಾಯಿತು, ಜ್ವರವಾ ಎಂದು ವಿಚಾರಿಸಿದ. ಕಣ್ಣಿಗೆ ತೊಂದರೆ, ಡಾಕ್ಟರಿಗೆ ತೋರಿಸಬೇಕು ಎಂದರು ಇವರು. ಹಾಗಾದರೆ ಮಂಗಳವಾರದಿಂದ ರಜೆ ತೆಗೆದುಕೊಳ್ಳಿ, ಇಷ್ಟು ಬೇಗ ನಾಳೆಗೆ ಜನ ಸಿಗುವುದಿಲ್ಲ, ನಾಳೆ ಒಂದು ದಿನ ಹೇಗಾದರೂ ಮ್ಯಾನೇಜ್ ಮಾಡಿ ಎಂದ ಅವನು. ನಿಮಗೆ ಆ ರಸ್ತೆ ಕಣ್ಣು ಮುಚ್ಚಿದರೂ ಗೊತ್ತಲ್ಲ ಎಂದು ನಕ್ಕ.

ಇವರು ನನ್ನ ಕಡೆ ತಿರುಗಿದರು. ಒಂದು ದಿನ. ನಾನೂ ಮನಸ್ಸಿನಲ್ಲಿ ಒಂದು ದಿನವೇ ಅಲ್ಲವಾ ಎಂದುಕೊಂಡೆ, ಸುಳ್ಳು ಹೇಳುವುದಿಲ್ಲ. ಹನ್ನೊಂದು ತಿಂಗಳಿಗೆ ತಯಾರಿದ್ದವಳಿಗೆ ಒಂದು ದಿನ ದೊಡ್ಡದಲ್ಲ. ಆದರೆ ಹೂಂ ಎಂದು ತಲೆಯಾಡಿಸಲಿಲ್ಲ.

"ಇಲ್ಲ ಸರ್" ಎಂದರು ಇವರು ಫೋನಿಗೆ. "ನನಗೆ ಕಾಣುವುದಿಲ್ಲ."

ಆ ಕಡೆ ನಗು ನಿಂತಿತು. ಸರಿ, ಬೇರೆ ಕಂಪನಿಯ ಗಾಡಿ ತರಿಸುತ್ತೇನೆ ಎಂದ. ಕಣ್ಣಿನ ಡಾಕ್ಟರ ರಿಪೋರ್ಟು ಬಂದ ಮೇಲೆ ಆಫೀಸಿಗೆ ಬನ್ನಿ, ಸ್ಟೋರಿನಲ್ಲಿ ಜಾಗ ಉಂಟಾ ನೋಡುವ, ಆದರೆ ಮಾತು ಕೊಡುವುದು ನನ್ನ ಕೈಯಲ್ಲಿಲ್ಲ ಎಂದ. ಶುಕ್ರಿಯಾ ಎಂದು ಇವರು ಫೋನ್ ಇಟ್ಟರು. ಮಗಳು ಅಷ್ಟರಲ್ಲಿ ತನ್ನ ಫೋನಿನಲ್ಲಿ ಕಣ್ಣಿನ ಆಸ್ಪತ್ರೆಗೆ ಸೋಮವಾರ ಹತ್ತೂವರೆಗೆ ಅಪಾಯಿಂಟ್‌ಮೆಂಟ್ ಮಾಡಿ ಆಗಿತ್ತು.

ಊಟಕ್ಕೆ ಏನೂ ಮಾಡುವ ಉಮೇದಿರಲಿಲ್ಲ. ಕುಚ್ಚಲಕ್ಕಿ ಗಂಜಿ ಕುಕ್ಕರಿಗಿಟ್ಟೆ. ಹಿಂದಿನ ದಿನದ ಬಂಗುಡೆ ಸಾರು ಬಿಸಿ ಮಾಡಿದೆ, ಮಾವಿನಮಿಡಿ ಉಪ್ಪಿನಕಾಯಿ ತೆಗೆದೆ, ನಾಲ್ಕು ಹಪ್ಪಳ ಸುಟ್ಟೆ. ಮಗಳು ಗಂಜಿ ಬೇಡವೆಂದು ಬ್ರೆಡ್ಡಿಗೆ ಸಾರು ಅದ್ದಿಕೊಂಡು ತಿಂದಳು. ಇವರು ಎರಡು ಸಲ ಗಂಜಿ ಹಾಕಿಸಿಕೊಂಡರು. ಮೀನಿನ ಮುಳ್ಳು ಬಿಡಿಸಿ ನಾನು ಬಟ್ಟಲಿನ ಅಂಚಿಗೆ ಇಟ್ಟುಕೊಟ್ಟೆ, ಬೇಡ ಎನ್ನಲಿಲ್ಲ. ಪಾತ್ರೆ ತೊಳೆದು ಬರುವಾಗ ಎರಡು ಗಂಟೆ. ಇವರು ಹಾಲ್‌ನಲ್ಲಿ ಚಾಪೆಯ ಮೇಲೆ, ಬೆಳಗಿನ ಅಂಗಿಯಲ್ಲೇ, ಗೋಡೆಗೆ ಮುಖ ಮಾಡಿ ಮಲಗಿ ಗೊರಕೆ ಹೊಡೆಯುತ್ತಿದ್ದರು. ಮಗಳು ಕಿವಿಗೆ ಏನೋ ಸಿಕ್ಕಿಸಿಕೊಂಡು ಕೋಣೆಯಲ್ಲಿದ್ದಳು. ನಾನು ಪರದೆ ಎಳೆದು, ಫ್ಯಾನು ಒಂದು ಕಡಿಮೆ ಮಾಡಿ, ಚಾಪೆಯ ಈಚೆಯ ಅಂಚಿನಲ್ಲಿ ಮಲಗಿದೆ. ನನಗೆ ಮಸೀದಿಯ ಮೂರೂವರೆಯ ಬಾಂಗ್ ಕೇಳಿದ ನೆನಪಿದೆ, ಅದು ಮುಗಿದದ್ದು ಗೊತ್ತಿಲ್ಲ.